ಗೂಬೆ ಹೊಕ್ಕ ಮನೆಯಲ್ಲಿ ಒಂದು ರೇಷ್ಮೆ ಬೆಳೆ

ಇಲಿಗಳ ಮೇಲೆ ಸಂಶೋಧನೆ ಮಾಡಲು ಹೊರಟವನಿಗೆ ಇಲಿಗಿಂತ ಮೊದಲು ಎದುರಾಗುವುದು ಇಲಿ ಇರುವ ಮನೆಯ ಯಜಮಾನ. ಈಗ ಈ ಕೆಲಸಕ್ಕೆ ಸೇರುತ್ತಿರುವ ತರುಣ ತರುಣಿಯರು ಆಗಾಗ ನನ್ನಲ್ಲಿಗೆ ಬಂದು, ಆ ಕಾಲದಲ್ಲಿ ಯಾವ ಬೋನು ಬಳಸುತ್ತಿದ್ದಿರಿ, ಯಾವ ವಿಷ ಇಡುತ್ತಿದ್ದಿರಿ ಎಂದು ಕೇಳುತ್ತಾರೆ. ಅದೆಲ್ಲವೂ ಅಚ್ಚಾದ ವರದಿಗಳಲ್ಲಿದೆ, ಹುಡುಕಿದರೆ ಸಿಗುತ್ತದೆ. ಆ ಮನೆಗಳ ಒಳಗೆ ನಮ್ಮನ್ನು ಬಿಟ್ಟುಕೊಂಡದ್ದು ಹೇಗೆ, ಬಿಟ್ಟುಕೊಂಡವರು ನಮ್ಮಿಂದ ಏನನ್ನು ಬಯಸಿದರು ಎಂಬುದು ಯಾವ ವರದಿಯಲ್ಲೂ ಇಲ್ಲ. ಅದನ್ನು ಬರೆಯುವುದು ಈ ಲೇಖನದ ಉದ್ದೇಶ.

ದಿನಾಂಕಗಳ ವಿಷಯದಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಒಂದು ಉದಾಹರಣೆ ಕೊಡುತ್ತೇನೆ. ಕೊಳ್ಳೇಗಾಲ ತಾಲ್ಲೂಕು ಮದರಾಸಿನ ಆಡಳಿತದಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ್ದು ೧೯೫೬ರ ನವೆಂಬರಿನಲ್ಲಿ. ಅದೇ ವರ್ಷ ನಾನೂ ಅಲ್ಲಿಗೆ ಹೋದೆನೆಂದು ಬಹುಕಾಲ ಹೇಳಿಕೊಂಡು ಬಂದೆ. ಆದರೆ ಮೊದಲ ದಿನ ಬಸ್ಸಿಳಿದು ಕಾಫಿ ಕುಡಿದ ಹೋಟೆಲಿನಲ್ಲಿ ಯಜಮಾನರು ನಾನು ಕೊಟ್ಟ ನಯಾಪೈಸೆಯನ್ನು ತಿರುಗಿಸಿ ತಿರುಗಿಸಿ ನೋಡಿ, 'ಇದ್ ಓಡ್ತದಾ ಸಾ?' ಎಂದು ಕೇಳಿದ್ದು ಕಣ್ಣಿಗೆ ಕಟ್ಟಿದಂತಿದೆ. ನಯಾಪೈಸೆ ಚಲಾವಣೆಗೆ ಬಂದದ್ದು ೧೯೫೭ರ ಏಪ್ರಿಲಿನಲ್ಲಿ. ಆದ್ದರಿಂದ ನಾನು ಹೋದದ್ದು ಅದಾದ ಮೇಲೆಯೇ ಎಂದು ಈಗ ತಿದ್ದಿಕೊಂಡಿದ್ದೇನೆ. ಮುಂದೆ ಕೊಡುವ ವರ್ಷಗಳನ್ನೂ ಹೀಗೆಯೇ ಒರೆಗೆ ಹಚ್ಚಿದ್ದೇನೆ. ಒರೆಗೆ ಸಿಗದವನ್ನು 'ಇರಬೇಕು' ಎಂದು ಬರೆದಿದ್ದೇನೆ.

ನಮ್ಮದು ಬಾಡಿಗೆಯ ಕಟ್ಟಡದಲ್ಲಿದ್ದ ಸಣ್ಣ ಕೇಂದ್ರ. ರೇಷ್ಮೆಹುಳು ಸಾಕುವ ಮನೆಗಳಲ್ಲಿ ಇಲಿಗಳಿಂದಾಗುವ ಹಾನಿಯನ್ನು ಅಭ್ಯಸಿಸುವುದು ನಮ್ಮ ಕೆಲಸ. ಮುಖ್ಯಸ್ಥರಾಗಿದ್ದ ಅನಂತರಾಮಯ್ಯನವರು ಬೇಸಿಗೆಯಲ್ಲೂ ಕರಿ ಕೋಟು ತೆಗೆಯದ, ನಗುವಾಗಲೂ ದನಿ ಏರಿಸದ ಮನುಷ್ಯ. ಅವರ ಕೈಕೆಳಗೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲ. ನಾನು ಬರೆದ ಮೊದಲ ವರದಿಯಲ್ಲಿ 'ಈ ಭಾಗದ ಜನರ ಮೂಢನಂಬಿಕೆ' ಎಂಬ ಮಾತಿತ್ತು. ಅವರು 'ಮೂಢ' ಎಂಬುದರ ಮೇಲೆ ಗೆರೆ ಎಳೆದು, 'ಇದನ್ನು ಯಾವ ತಕ್ಕಡಿಯಲ್ಲಿ ತೂಗಿದಿರಿ?' ಎಂದು ಅಂಚಿನಲ್ಲಿ ಬರೆದು ಹಿಂದಿರುಗಿಸಿದರು. ಆಗ ಕೋಪ ಬಂದಿತ್ತು.

ಪಟ್ಟಣದ ಅಂಚಿನಲ್ಲಿ ಆಗತಾನೆ ಒಂದು ಬಡಾವಣೆ ಎದ್ದಿತ್ತು. ಗುಮಾಸ್ತರು, ವ್ಯಾಪಾರಿಗಳು, ಹುಳು ಸಾಕುವವರು ಸೇರಿ ಸಹಕಾರಿ ಪದ್ಧತಿಯಲ್ಲಿ ಕಟ್ಟಿಕೊಂಡ ಮನೆಗಳು. ಅವರದೊಂದು ಮನೆಮಾಲೀಕರ ಸಂಘ. ಅಧ್ಯಕ್ಷರು ಗುರುಮಲ್ಲಪ್ಪನವರು, ನಿವೃತ್ತ ರೆವೆನ್ಯೂ ಇನ್‌ಸ್ಪೆಕ್ಟರು. ಅಲ್ಲಿ ಹುಳುಮನೆಗಳಿದ್ದುದರಿಂದ ನಾನು ವಾರಕ್ಕೊಮ್ಮೆಯಾದರೂ ಬೋನು ಹಿಡಿದು ಹೋಗುತ್ತಿದ್ದೆ, 'ಇಲಿ ಸಾಹೇಬ್ರು' ಎಂದು ಹೆಸರಾಗಿದ್ದೆ. ಇಲಿಯನ್ನು ಬಲ್ಲವನು ಮಿಕ್ಕ ಪ್ರಾಣಿಗಳನ್ನೂ ಬಲ್ಲನೆಂದು ಗುರುಮಲ್ಲಪ್ಪನವರು ತೀರ್ಮಾನಿಸಿದ್ದರು. ಸಾಕುಪ್ರಾಣಿಯ ಮೇಲೆ ಯಾವ ದೂರು ಬಂದರೂ ನನಗೆ ಕರೆ ಬರುತ್ತಿತ್ತು.

ಮೊದಲನೆಯದು ಕೆಂಜಳಿಲಿನ ತಕರಾರು. ಕಾಡಿನ ಕಂತ್ರಾಟುದಾರರ ಬಳಿ ಲೆಕ್ಕ ಬರೆಯುತ್ತಿದ್ದ ಒಬ್ಬ ಗುಮಾಸ್ತರು ಬಿಳಿಗಿರಿರಂಗನ ಬೆಟ್ಟದಿಂದ ಬೆಕ್ಕಿನಷ್ಟು ದೊಡ್ಡದಾದ ಒಂದು ಕೆಂಜಳಿಲನ್ನು ತಂದು ಹಿತ್ತಲಲ್ಲಿ ಸಾಕಿದ್ದರು. ಅದು ಪಕ್ಕದ ಮನೆಯ ತೆಂಗಿನ ಮರ ಹತ್ತಿತು.

'ನಮ್ಮರದ್ ಎಳನೀರ ನಾವೇ ಬಾಯಿಗ್ ಬುಟ್ಕಂಡಿಲ್ಲ ಸಾ, ಇದು ಕುಡ್ಕಂಡ್ ಕೂತದೆ,' ಎಂದರು ಮರದ ಯಜಮಾನರು.

'ಅದೇನ್ ಲೋಟ ತಕಂಡು ಕುಡೀತದಾ? ಇಲಿ ತೂತ್ ಮಾಡಿರ್ತದೆ, ಸಾಹೇಬ್ರನ್ನೇ ಕೇಳಿ,' ಎಂದರು ಗುಮಾಸ್ತರು.

ತೂತು ಇಲಿಯದಲ್ಲ, ಅಳಿಲಿನದೇ ಎಂದು ನಾನು ಹಲ್ಲಿನ ಗುರುತು ತೋರಿಸಿ ಹೇಳಿದೆ. ಅಳಿಲನ್ನು ಬುಟ್ಟಿಯಲ್ಲಿ ಕಟ್ಟಿ ಬಸ್ಸಿನಲ್ಲಿ ಬೆಟ್ಟಕ್ಕೆ ಕಳಿಸಿದ್ದಾಯಿತು. ತಕರಾರು ಮುಗಿಯಿತೆಂದು ನಾನು ಹಿಗ್ಗಿದೆ. ಮುಂದಿನ ವಾರ ಅದೇ ಇಬ್ಬರು ಬಾವಿಯ ಹಗ್ಗಕ್ಕಾಗಿ ಜಗಳವಾಡುತ್ತಿದ್ದರು. ವಿಚಾರಿಸಿದಾಗ ತಿಳಿದದ್ದು: ಗುಮಾಸ್ತರ ಮನೆಯ ಗೃಹಪ್ರವೇಶಕ್ಕೆ ತೆಂಗಿನ ಮರದವರನ್ನು ಕರೆದಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರುವವರು ಇದನ್ನು ಗಮನಿಸಬೇಕು. ಪ್ರಾಣಿಯ ಬಗ್ಗೆ ದೂರು ಬಂದಾಗ ಪ್ರಾಣಿಯನ್ನು ನೋಡುವ ಮೊದಲು ಬೀದಿಯನ್ನು ಒಮ್ಮೆ ನಡೆದು ನೋಡುವುದು ಒಳ್ಳೆಯದು.

ಇಲ್ಲಿ ಕಾಲಾನುಕ್ರಮ ತಪ್ಪಿಸಿ ಇನ್ನೊಂದನ್ನು ಹೇಳಿಬಿಡುತ್ತೇನೆ. ಹನೂರಿನಾಚೆಯ ಒಡೆಯರಪಾಳ್ಯದ ಬಳಿ ಟಿಬೆಟಿನವರು ನೆಲೆಯೂರಿದ ಮೇಲಿನ ಮಾತು. ಬಡಾವಣೆಯ ಒಬ್ಬ ಬಟ್ಟೆ ವ್ಯಾಪಾರಿ ಅವರಲ್ಲಿಂದ ಮೈತುಂಬ ಜಡೆಗೂದಲಿನ ಒಂದು ದೊಡ್ಡ ನಾಯಿಮರಿಯನ್ನು ತಂದು ಸಾಕಿದರು. ಅದು ಬೆಳೆದು, ಸೆಖೆ ತಾಳಲಾರದೆ ಊಳಿಡತೊಡಗಿತು. ತುರ್ತುಪರಿಸ್ಥಿತಿಯ ಸುದ್ದಿ ಬರುವ ಮುಂಚಿನ ಬೇಸಿಗೆ, ಅಂದರೆ ೧೯೭೫ ಇರಬೇಕು. ಏನು ಮಾಡಬೇಕೆಂದು ಕೇಳಲು ನಾನು ಒಡೆಯರಪಾಳ್ಯಕ್ಕೆ ಹೋದೆ. ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದ ಒಬ್ಬ ಟಿಬೆಟಿನ ಮುದುಕರು ಎಲ್ಲವನ್ನೂ ಕೇಳಿಸಿಕೊಂಡು, ತಮ್ಮ ಹೊಸ ಕನ್ನಡದಲ್ಲಿ, 'ನಾವು ಕೂಡ ತುಂಬ ಅತ್ತೆವು. ನೀರು ಕೊಡಿ, ನೆರಳು ಕೊಡಿ, ಕೂದಲು ಕತ್ತರಿಸಿ,' ಎಂದರು. ಕತ್ತರಿಸಿದೆವು. ಊಳಿಡುವುದು ಕಡಿಮೆಯಾಯಿತು. ಆ ವ್ಯಾಪಾರಿಗೆ ಮಾತ್ರ, ಅಷ್ಟು ದೂರದಿಂದ ತಂದ ನಾಯಿ ಕುರಿಯ ಹಾಗೆ ಕಾಣುತ್ತದೆಂಬ ಕೊರಗು ಉಳಿಯಿತು.

ಇನ್ನು ಗೂಬೆಯ ವಿಷಯ. ನನ್ನ ವೃತ್ತಿಯಲ್ಲಿ ನನಗೆ ಮರೆಯಲಾಗದ್ದು ಇದೇ. ೧೯೬೩ ಎಂದು ನನ್ನ ನೆನಪು ಹೇಳುತ್ತದೆ. ಆದರೆ ಬಡಾವಣೆಯ ಆ ಸಭೆಗಳಲ್ಲಿ ಚೀನಾ ಯುದ್ಧದ ಮಾತು ಬಂದದ್ದೇ ಇಲ್ಲ. ಯುದ್ಧ ಶುರುವಾದದ್ದು ೧೯೬೨ರ ಅಕ್ಟೋಬರಿನಲ್ಲಿ. ಆಮೇಲಿನ ತಿಂಗಳುಗಳಲ್ಲಿ ಅಲ್ಲಿ ಯಾರಾದರೂ ನಾಲ್ವರು ಕೂತರೆ ಬೇರೆ ಮಾತೇ ಇರುತ್ತಿರಲಿಲ್ಲ. ಆದ್ದರಿಂದ ೧೯೬೨ರ ಮಧ್ಯಭಾಗ ಎಂದು ಇಟ್ಟುಕೊಂಡಿದ್ದೇನೆ.

ಬಡಾವಣೆಯ ಕೊನೆಯ ಸಾಲಿನಲ್ಲಿ ದೇವೀರಮ್ಮ ಎಂಬಾಕೆ ಇದ್ದಳು. ಹುಟ್ಟೂರು ಶಾಗ್ಯ. ಗಂಡ ತೀರಿಕೊಂಡ ಮೇಲೆ ಮನೆಯನ್ನು ತನ್ನ ಹೆಸರಿಗೆ ಮಾಡಿಸಿಕೊಂಡು, ಮನೆಯ ಹಿಂದಿನ ತುಂಡು ನೆಲದಲ್ಲಿ ಹಿಪ್ಪುನೇರಳೆ ಬೆಳೆದು, ಮನೆಯೊಳಗೇ ಹುಳು ಮೇಯಿಸುತ್ತಿದ್ದಳು. ಇಲಿಯ ಕಾಟ ಅವಳಿಗೆ ಎಲ್ಲರಿಗಿಂತ ಹೆಚ್ಚು. ಹಣ್ಣಾದ, ಅಂದರೆ ಗೂಡು ಕಟ್ಟುವಷ್ಟು ಬಲಿತ, ಹುಳುವನ್ನೂ ಗೂಡನ್ನೂ ಇಲಿ ಕಚ್ಚಿ ಹಾಕುತ್ತಿತ್ತು. ಹುಳುವಿದ್ದ ಮನೆಯಲ್ಲಿ ವಿಷವಿಡಲು ಅವಳಿಗೆ ಭಯ. ಶಾಗ್ಯದಲ್ಲಿ ಹಳೆಯ ಕಣಜವೊಂದನ್ನು ಕೆಡವಿದಾಗ ಬಿದ್ದಿದ್ದ ಒಂದು ಗೂಬೆ ಮರಿಯನ್ನು ಅವಳು ಸೆರಗಿನಲ್ಲಿ ಸುತ್ತಿಕೊಂಡು ಬಂದು ಸಾಕಿದಳು. ಬಿಳಿಯ ಎದೆ, ವೀಳ್ಯದೆಲೆಯ ಆಕಾರದ ಬಿಳಿಯ ಮುಖ, ಕಪ್ಪು ಕಣ್ಣು. ನಾವು ಕಣಜಗೂಬೆ ಎಂದು ಬರೆದುಕೊಳ್ಳುವ ಜಾತಿ. ಅವಳು ಅದನ್ನು ಗುಮ್ಮಣ್ಣ ಎಂದು ಕರೆಯುತ್ತಿದ್ದಳು. ಗುಮ್ಮಣ್ಣ ದೊಡ್ಡದಾದ ಮೇಲೆ ಅವಳ ಮನೆಯಲ್ಲಿ ನನ್ನ ಬೋನುಗಳು ಬರಿದಾಗಿಯೇ ಇರುತ್ತಿದ್ದವು. ವನ್ಯಪ್ರಾಣಿ ಪಕ್ಷಿಗಳನ್ನು ಹೀಗೆ ಮನೆಯಲ್ಲಿಡುವುದಕ್ಕೆ ೧೯೭೨ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅವಕಾಶವಿಲ್ಲವೆಂಬುದನ್ನು ಓದುವವರು ನೆನಪಿಡಬೇಕು. ಆಗ ಅಂಥ ಪ್ರಶ್ನೆಯನ್ನು ಯಾರೂ ಎತ್ತಿರಲಿಲ್ಲ.

ಪಕ್ಕದ ಮನೆ ನಾಗರಾಜಪ್ಪನವರದು. ಯಳಂದೂರಿನ ಬೆಲ್ಲದ ವ್ಯಾಪಾರಿ. ತಾಯಿ ಪಾರ್ವತಮ್ಮ, ಹೆಂಡತಿ, ಮಕ್ಕಳನ್ನು ಕರೆದುಕೊಂಡು ಆಗತಾನೆ ಹೊಸ ಮನೆ ಹೊಕ್ಕಿದ್ದರು. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ತೆರೆದ ಬಾಗಿಲಿನಿಂದ ಗುಮ್ಮಣ್ಣ ಅವರ ಪಡಸಾಲೆಗೆ ಹೋಗಿ, ದೇವರ ಗೂಡಿನ ಮೇಲೆ ಕುಳಿತುಬಿಟ್ಟಿತು.

ಗೂಬೆ ಹೊಕ್ಕ ಮನೆಯಲ್ಲಿ ವಾಸ ಮಾಡಬಾರದೆಂಬುದು ಆ ಸೀಮೆಯಲ್ಲಿ ಎಲ್ಲ ಜಾತಿಯವರೂ ಒಪ್ಪಿದ ಮಾತು. ಅಂಥ ಮನೆಗೆ ಆರು ತಿಂಗಳು ಬೀಗ ಹಾಕಿ, ಬಾಗಿಲಿಗೆ ಮುಳ್ಳು ಕಟ್ಟಿ, ಆಮೇಲೆ ಶಾಂತಿ ಮಾಡಿಸಿ ಒಳಗೆ ಬರಬೇಕು. ಆದರೆ ಸಂಘದ ನಿಯಮ ಬೇರೆಯೇ ಇತ್ತು. ಮನೆ ಪಡೆದವರು ಅಲ್ಲಿಯೇ ವಾಸಿಸಬೇಕು, ಮೂರು ತಿಂಗಳು ಬೀಗ ಬಿದ್ದ ಮನೆಯನ್ನು ಸಂಘ ಹಿಂದಕ್ಕೆ ಪಡೆದು ಸರದಿಯಲ್ಲಿ ಮುಂದಿರುವವರಿಗೆ ಕೊಡಬಹುದು. ಸರದಿಯಲ್ಲಿ ಮೊದಲಿದ್ದವರು ಅಧ್ಯಕ್ಷರ ಷಡ್ಡಕ. ಹೀಗಾಗಿ ನಾಗರಾಜಪ್ಪನವರು ಮನೆಯಲ್ಲಿ ಉಳಿದರೆ ತಾಯಿ ಒಪ್ಪರು, ಬಿಟ್ಟರೆ ಮನೆಯೇ ಕೈತಪ್ಪುತ್ತದೆ. ಅವರು ಬೀದಿಯಲ್ಲಿ ಸಾಮಾನು ಇಟ್ಟುಕೊಂಡು ಸಂಘಕ್ಕೆ ದೂರು ಕೊಟ್ಟರು: ಗೂಬೆಯನ್ನೂ ಅದರ ಒಡತಿಯನ್ನೂ ಬಡಾವಣೆಯಿಂದ ಹೊರಗೆ ಕಳಿಸಬೇಕು.

ನಾನು ಹೋಗಿ ದೇವೀರಮ್ಮನನ್ನು ಕೇಳಿದೆ, 'ನಿನಗೆ ಈ ನಂಬಿಕೆ ಇಲ್ಲವೇನಮ್ಮ?'

'ಯಾಕಿಲ್ಲ ಸಾ? ನಾನೂ ಮನುಸ್ರೇ ತಾನೆ? ಆದ್ರೆ ಇದು ನಮ್ಮನೆಗ್ ಒಕ್ಕಿಲ್ಲ, ನಾನೇ ಎತ್ಕಂಡ್ ಬಂದೆ. ಒಕ್ಕದ್ ಬೇರೆ, ತಂದದ್ ಬೇರೆ.'

ಗೋಡೆಯಾಚೆ ಚಾಪೆ ಸುತ್ತುತ್ತಿದ್ದ ಪಾರ್ವತಮ್ಮನವರಿಗೆ ಅದು ಕೇಳಿಸಿತು. 'ನಿನ್ ಮನೆಗ್ ತಂದೆ ಕಣಮ್ಮಿ, ನನ್ ಮನೆಗ್ ಒಕ್ತಲ್ಲ? ಅದುಕ್ಕೇನಂತೀಯ?'

ದೇವೀರಮ್ಮ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಹಿಂದಿರುಗಿ ಮುಖ್ಯಸ್ಥರಿಗೆ ತಿಳಿಸಿದಾಗ ಅವರು, 'ಅದು ಏನು ತಿನ್ನುತ್ತದೆಂದು ತೋರಿಸಿ. ಉಪಕಾರ ಕಂಡರೆ ಜನ ಒಪ್ಪುತ್ತಾರೆ,' ಎಂದರು.

ಕಣಜಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಮೂಳೆ ಕೂದಲುಗಳನ್ನು ಉಂಡೆ ಕಟ್ಟಿ ಉಗುಳುತ್ತದೆ. ನಾನು ದೇವೀರಮ್ಮನ ಹಿತ್ತಲಲ್ಲಿ ಆ ಉಂಡೆಗಳನ್ನು ಆಯ್ದು ತಂದು, ನೆನೆಸಿ ಬಿಡಿಸಿ, ತಲೆಬುರುಡೆಗಳನ್ನು ಬಿಳಿಯ ರಟ್ಟಿನ ಮೇಲೆ ಸಾಲಾಗಿ ಅಂಟಿಸಿದೆ. ಹೆಗ್ಗಣದ ಮರಿ ಇದು, ಮನೆಯಿಲಿ ಇದು, ಸೊಂಡಿಲಿ ಇದು ಎಂದು ಕೆಳಗೆ ಬರೆದೆ. ಅಷ್ಟು ಅಂದವಾದ ಪ್ರದರ್ಶನವನ್ನು ನಾನು ಆಮೇಲೆ ಯಾವ ಸಮ್ಮೇಳನಕ್ಕೂ ಮಾಡಿದ್ದಿಲ್ಲ. ಸಂಘದ ಸಭೆ ಸೇರುತ್ತಿದ್ದುದು ಗುರುಮಲ್ಲಪ್ಪನವರ ಮನೆಯ ಜಗಲಿಯಲ್ಲಿ. ಹೆಚ್ಚಿನವರು ವಿಭೂತಿ ಧರಿಸಿ, ಮಾಂಸದ ಹೆಸರೆತ್ತಿದರೆ ಮುಖ ತಿರುಗಿಸುವವರು. ಅವರ ನಡುವೆ ನಾನು ಆ ರಟ್ಟನ್ನು ಬಿಚ್ಚಿ ಹರಡಿದೆ.

ಅಧ್ಯಕ್ಷರು ಎದ್ದು ನಿಂತರು. 'ಸಾ, ಓದಿದೋರು ನೀವು. ನಮ್ ಜಗಲಿ ಮೇಲೆ ಮೂಳೆ ಆಕ್ಬುಟ್ರಲ್ಲ.'

ಹಿಂದಿನಿಂದ ಒಬ್ಬರು, 'ಇಷ್ಟ್ ದಿನ ಬರೀ ಗೂಬೆ ಇತ್ತು. ಈಗ ಗೂಬೆ ಎಂಜಲೂ ಬಂತು,' ಎಂದರು.

ಜಗಲಿಗೆ ಸಗಣಿ ನೀರು ಹಾಕಿ ತೊಳೆದರು. ಸಭೆ ಹೊಂಗೆ ಮರದ ಕೆಳಗೆ ಮುಂದುವರಿಯಿತು. ರಟ್ಟನ್ನು ಚೀಲಕ್ಕೆ ತುರುಕಿಕೊಂಡು ನಾನು ಹಿಂದೆ ಕುಳಿತೆ. ದೇವೀರಮ್ಮ ಮನೆ ಬಿಟ್ಟುಕೊಟ್ಟು ಶಾಗ್ಯಕ್ಕೆ ಹೋಗಬೇಕೆಂದು ಹೇಳುವವರ ದನಿ, ನನ್ನ ರಟ್ಟಿನಿಂದಾಗಿ, ಮೊದಲಿಗಿಂತ ಜೋರಾಗಿತ್ತು.

ಪಾರ್ವತಮ್ಮನವರು ಮಾತು ಶುರುಮಾಡಿದ್ದು ಮಗನ ಮೇಲೆ. 'ಈ ಮದ್ರಾಸು ಸೀಮೇಲಿ ಮನೆ ಬ್ಯಾಡ ಕಣ್ಲಾ ಅಂದೆ. ಹೊಳೆ ಈಚೆಗೇ ಇರಾಣ ಅಂದೆ. ಕೇಳ್ದಾ?'

'ಅವ್ವ, ಈಗ್ ಇದೂ ಮೈಸೂರೇಯ,' ಎಂದರು ನಾಗರಾಜಪ್ಪ.

'ಕಾಗದ್ದಲ್ಲಿ ಮೈಸೂರು. ಗೂಬೆ ಸಾಕೋರು ನಮ್ ಎಳಂದೂರಲ್ ಯಾರವ್ರೆ?' ಎಂದು ದೇವೀರಮ್ಮನ ಕಡೆ ತಿರುಗಿ, 'ನಿನ್ ಗೂಬೆ ಒಕ್ಕ ಮನೇಲಿ ನೀನೇ ಇದ್ಕೊಂಡ್ ಸಾಯಿ, ತಕೋ ಬೀಗದ ಕೈ,' ಎಂದು ಸೊಂಟದಿಂದ ಬೀಗದ ಕೈ ತೆಗೆದು ನೆಲದ ಮೇಲೆ ಎಸೆದರು.

ಅದು ಬೈಗುಳವೆಂದು ಅಲ್ಲಿದ್ದವರೆಲ್ಲ ತಿಳಿದರು. ದೇವೀರಮ್ಮ ಮಾತ್ರ ಬಗ್ಗಿ ಬೀಗದ ಕೈಯನ್ನು ಎತ್ತಿಕೊಂಡಳು.

'ಆಗ್ಲಿ ಅವ್ವಾರೇ, ಇರ್ತೀನಿ. ಈ ಸಲ ಉಳ ಇಡಕ್ಕೆ ನಂಗೂ ಜಾಗ ಸಾಲ್ದು. ನಿಮ್ಮನೇಲೆ ಇಡ್ತೀನಿ. ಉಳ ಇರೋ ಮನೆಗೆ ಬೀಗ ಆಕಂಗಿಲ್ವಲ್ಲ, ಸಂಗದೋರ್ ಎಂಗ್ ಖಾಲಿ ಅಂತಾರೆ? ಬೆಳೆ ಬಂದ್ರೆ ಮನೇಲಿ ದೋಸ ಇಲ್ಲ ಅಂತ ಆಯ್ತು. ಬರ್ದೇ ಓದ್ರೆ ನಾನೇ ಶಾಗ್ಯಕ್ಕೆ ಓಯ್ತೀನಿ.'

ಈ ಪಂಥ ಸಭೆಗೆ ನಾಟಿತು. ಏಕೆಂಬುದನ್ನು ಈಗಿನವರಿಗೆ ವಿವರಿಸಬೇಕು. ಆ ಸೀಮೆಯಲ್ಲಿ ಹುಳುಮನೆಯೆಂದರೆ ದೇವರ ಮನೆಗೆ ಸಮ. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ, ಮೈಲಿಗೆಯಲ್ಲಿ ಹೋಗುವಂತಿಲ್ಲ, ಹುಳು ಗೂಡು ಕಟ್ಟುವ ಹೊತ್ತಿನಲ್ಲಿ ದನಿ ಎತ್ತುವಂತಿಲ್ಲ. ಹುಳುವು ಕೆಟ್ಟ ಜಾಗದಲ್ಲಿ ಉಣ್ಣುವುದಿಲ್ಲ, ಉಂಡರೂ ನೂಲು ಬಿಡುವುದಿಲ್ಲವೆಂಬ ನಂಬಿಕೆ ಗೂಬೆಯ ನಂಬಿಕೆಯಷ್ಟೇ ಗಟ್ಟಿ. ಪಾರ್ವತಮ್ಮನವರ ತವರಿನಲ್ಲೂ ಹುಳು ಸಾಕುತ್ತಿದ್ದರು. ಅವರು, 'ಆ ಗೂಬೆ ಮಾತ್ರ ನನ್ ಹೊಸ್ತಿಲು ಇನ್ನೊಂದ್ಸಲ ದಾಟ್‌ಕೂಡ್ದು,' ಎಂದರು. ದೇವೀರಮ್ಮ ಒಪ್ಪಿದಳು.

ಗುರುಮಲ್ಲಪ್ಪನವರು ಠರಾವು ಬರೆಸಿದರು. ಬೆಳೆ ಕೆಟ್ಟರೂ, ಗೂಬೆ ಹೊಸ್ತಿಲು ದಾಟಿದರೂ ದೇವೀರಮ್ಮ ತನ್ನ ಮನೆಯನ್ನು ಸಂಘಕ್ಕೆ ಒಪ್ಪಿಸಿ ಹೊರಡಬೇಕು. ಅವಳು ಹೆಬ್ಬೆಟ್ಟು ಒತ್ತಿದಳು. ನಾಗರಾಜಪ್ಪನವರ ಸಂಸಾರ ಯಳಂದೂರಿಗೆ ಹೋಯಿತು.

ಕೇಂದ್ರದಲ್ಲಿ ಇದನ್ನು ಹೇಳಿದಾಗ ಅನಂತರಾಮಯ್ಯನವರು ಕನ್ನಡಕ ತೆಗೆದು ಒರೆಸಿ, 'ಒಂದು ನಂಬಿಕೆಯನ್ನು ಇನ್ನೊಂದು ನಂಬಿಕೆಯಿಂದ ಪರೀಕ್ಷೆಗೆ ಹಚ್ಚಿದ್ದಾಳೆ. ಹೋಲಿಕೆಗೆ ಇನ್ನೊಂದು ಮನೆ ಇಲ್ಲ, ಅಷ್ಟೇ ಕೊರತೆ,' ಎಂದರು. ಅವರು ತಮಾಷೆ ಮಾಡಿದ್ದನ್ನು ನಾನು ಕಂಡದ್ದು ಅಪರೂಪ. ಆದರೆ ಅವರಿಗೂ ಆತಂಕವಿತ್ತು. ಆ ವರ್ಷ ಸುತ್ತಲಿನ ಊರುಗಳಲ್ಲಿ ಹಾಲುತೊಂಡೆ ರೋಗ ಕಾಣಿಸಿಕೊಂಡಿತ್ತು. ಈ ರೋಗ ಬಂದ ಹುಳು ಊದಿ, ಹಾಲಿನಂಥ ರಸ ಸುರಿಸಿ ಸಾಯುತ್ತದೆ. ಗೂಬೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಆ ಮನೆಯಲ್ಲಿ ರೋಗ ಬಂದರೆ ಸಂಬಂಧವಿಲ್ಲವೆಂದು ಯಾರನ್ನು ನಂಬಿಸುವುದು? ಅವರು ತಾವೇ ಎರಡು ಸಲ ಬಂದು, ಕೋಟು ಹೊರಗೆ ತೆಗೆದಿಟ್ಟು, ಕಾಲು ತೊಳೆದು, ಹುಳು ಮೇಯುವ ಬಿದಿರಿನ ತಟ್ಟೆ ತಟ್ಟೆಯನ್ನೂ ನೋಡಿ, ಊದಿದ ಒಂದೆರಡು ಹುಳುಗಳನ್ನು ಆಯ್ದು ತೆಗೆಸಿ, ಸುಣ್ಣ ಹೇಗೆ ಉದುರಿಸಬೇಕೆಂದು ಹೇಳಿ ಹೋದರು.

ಹುಳುಗಳು ನಾಲ್ಕನೆಯ ಜ್ವರ ದಾಟಿದವು. ಹುಳು ಉಣ್ಣುವುದನ್ನು ಬಿಟ್ಟು ನಿದ್ದೆಗೆ ಬಿದ್ದು ಪೊರೆ ಕಳಚುವ ಹೊತ್ತಿಗೆ ಅಲ್ಲಿಯವರು ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದರೆ ಅರ್ಧ ಭಯ ಕಳೆದಂತೆ. ಬೋನು ನೋಡಲು ಹೋಗುತ್ತಿದ್ದ ನನಗೆ ಒಂದು ವಿಷಯ ಮಾತ್ರ ಅರ್ಥವಾಗುತ್ತಿರಲಿಲ್ಲ. ಹಿಂದೆ ಬೆಲ್ಲವಿಟ್ಟಿದ್ದ ಮನೆ, ಇಲಿಗಳು ಇರಲೇಬೇಕು. ಮೊದಮೊದಲು ತಟ್ಟೆಗಳ ಅಂಚಿನಲ್ಲಿ ಇಲಿ ಕಚ್ಚಿದ ಗುರುತುಗಳೂ ಇದ್ದವು. ಆಮೇಲೆ ಅವು ನಿಂತುಹೋಗಿದ್ದವು.

ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ಸುತ್ತು ಹೆಣಿಗೆಯ ಚಾಪೆಗೆ, ಬಿಡುವ ಸಂಜೆ ಪಾರ್ವತಮ್ಮನವರು ಯಳಂದೂರಿನಿಂದ ಬಸ್ಸಿನಲ್ಲಿ ಬಂದಿಳಿದರು. ನಾನು ಅಲ್ಲಿಯೇ ಇದ್ದೆ.

'ನೀವೂ ಬನ್ನಿ ಸಾಹೇಬ್ರೇ. ನಾಳೆ ಸಭೇಲಿ ಕೇಳ್ತಾರೆ, ಇಬ್ರು ನೋಡಿರ್ಲಿ,' ಎಂದರು. ಇಬ್ಬರೂ ಕಾಲು ತೊಳೆದು ಒಳಗೆ ಹೋದೆವು.

ಮಬ್ಬು ಬೆಳಕು. ಸೊಪ್ಪು ಮೇಯುವ ಸದ್ದು ನಿಂತಿತ್ತು. ದೇವೀರಮ್ಮ ಬಾಗಿ ಒಂದೊಂದೇ ಹುಳುವನ್ನು ಆಯ್ದು ಚಂದ್ರಿಕೆಗೆ ಹಾಕುತ್ತಿದ್ದಳು. ನಮ್ಮನ್ನು ಕಂಡು ಅವಳ ಕೈ ಅಲ್ಲಿಯೇ ನಿಂತಿತು. ಅವಳ ಕಣ್ಣು ಮೇಲೆ ಹೋಯಿತು, ತಕ್ಷಣ ಕೆಳಗಿಳಿಯಿತು. ಪಾರ್ವತಮ್ಮನವರು ಆ ನೋಟವನ್ನು ಹಿಡಿದುಬಿಟ್ಟರು. ತಲೆ ಎತ್ತಿದರು. ತೊಲೆಯ ಮೇಲೆ ಬಿಳಿಯ ಮುಖವೊಂದು ನಮ್ಮನ್ನೇ ನೋಡುತ್ತಿತ್ತು.

ಅವರ ಬಾಯಿ ತೆರೆಯಿತು. ಆದರೆ ಗೂಡು ಕಟ್ಟುವ ಹುಳುವಿನ ಮುಂದೆ ದನಿ ಎತ್ತಬಾರದೆಂದು ತವರಿನಲ್ಲಿ ಕಲಿತದ್ದು ಮೈಯಲ್ಲಿ ಸೇರಿಹೋಗಿತ್ತು. ಸೆರಗನ್ನು ಬಾಯಿಗೊತ್ತಿಕೊಂಡು ನಿಂತರು. ದೇವೀರಮ್ಮನೂ ಮಾತಾಡುವಂತಿಲ್ಲ, ಕ್ಷಮೆ ಕೇಳುವಂತಿಲ್ಲ. ಮೂವರೂ ಹಾಗೆಯೇ ನಿಂತಿದ್ದೆವು. ಆಗ ಗೋಡೆಯ ಬದಿಯಲ್ಲಿ ಒಂದು ಇಲಿ ಹೊರಟು, ಚಂದ್ರಿಕೆಯ ಬುಡಕ್ಕೆ ಬಂದು, ಮುಂಗಾಲೆತ್ತಿ ಮೂಸಿತು. ಗೂಬೆ ಯಾವಾಗ ತೊಲೆ ಬಿಟ್ಟಿತೋ ಕಾಣಲಿಲ್ಲ. ರೆಕ್ಕೆಯ ಸದ್ದಿರಲಿ, ಗಾಳಿಯೂ ಅಲುಗಲಿಲ್ಲ. ನೋಡುವಷ್ಟರಲ್ಲಿ ಅದು ಮತ್ತೆ ತೊಲೆಯ ಮೇಲಿತ್ತು, ಇಲಿಯ ಬಾಲ ಅದರ ಕೊಕ್ಕಿನಿಂದ ಇಳಿಬಿದ್ದಿತ್ತು. ಚಂದ್ರಿಕೆಯ ಮೇಲಿನ ಒಂದು ಹುಳುವೂ ತಲೆ ಎತ್ತಲಿಲ್ಲ.

ಪಾರ್ವತಮ್ಮನವರು ಹೊರಗೆ ಬಂದು, ಇನ್ನೊಮ್ಮೆ ಕಾಲು ತೊಳೆದು, ಜಗಲಿಯಲ್ಲಿ ಕುಳಿತರು. ಹಿಂದೆಯೇ ದೇವೀರಮ್ಮ ಬಂದು ಕೆಳಗೆ ನಿಂತಳು.

'ಎಂದಿಂದ ಬತ್ತದೆ?'

'ಕಟ್ಟಾಕಿದ್ದೆ ಅವ್ವಾರೇ. ಕಿತ್ಕಂಡು, ಸೂರ್ ಕೆಳಗಿನ ಗಾಳಿಕಂಡೀಲಿ ಬಂದ್ಬುಡ್ತು. ಉಳಕ್ಕೆ ಇಲಿ ಬಿದ್ದಿತ್ತು. ಓಡ್ಸಕ್ ಓದೆ, ಕೈ ಬರ್ನಿಲ್ಲ.' ಕೈ ಮುಗಿದು, 'ನಾಳೇನೇ ಶಾಗ್ಯಕ್ಕೆ ಓಯ್ತೀನಿ. ಗೂಡ್ ಬಿಡ್ಸೋಗಂಟ ಮಾತ್ರ ಯಾರ್ಗೂ ಏಳ್ಬ್ಯಾಡಿ. ಉಳ ಏನ್ ಪಾಪ ಮಾಡವೆ?' ಎಂದಳು.

ಪಾರ್ವತಮ್ಮನವರು ನನ್ನ ಕಡೆ ತಿರುಗಿದರು. 'ನೀವು ಬರ್ಕಳೋರು. ಏನಂತ ಬರ್ಕತೀರಿ?'

'ಇಲಿ ಕಚ್ಚಿದ ತಟ್ಟೆ ಇಲ್ಲ ಎಂದು ಬರೆದುಕೊಳ್ಳುತ್ತೇನೆ ಅಮ್ಮ.'

'ಬೇರೆ?'

'ನನ್ನ ಕೆಲಸ ಇಲಿಯದು.'

ಅವರು ತಾವು ತಂದಿದ್ದ ಬೆಲ್ಲದ ಗಂಟಿನಿಂದ ಒಂದು ಅಚ್ಚು ತೆಗೆದು ದೇವೀರಮ್ಮನ ಕೈಗೆ ಹಾಕಿ, 'ನೀರ್ ಕುಡಿ ಓಗು. ಮಕ ನೋಡು, ಎಂಗಾಗದೆ,' ಎಂದರು. ಆ ದಿನ ಯಳಂದೂರಿಗೆ ಹಿಂದಿರುಗಲಿಲ್ಲ. ಸೆರಗು ಸಿಕ್ಕಿಸಿ ಒಳಗೆ ಹೋಗಿ ತಾವೂ ಹುಳು ಆಯಲು ಕುಳಿತರು.

ಗೂಡು ಚೆನ್ನಾಗಿ ಬಂತು. ಹಳದಿ ಗೂಡು, ಒತ್ತಿದರೂ ತಗ್ಗದಷ್ಟು ಬಿಗಿ. ಇಡೀ ಬಡಾವಣೆ ಬಂದು ಕೈಯಲ್ಲಿ ಹಿಡಿದು ನೋಡಿತು. ಕೊನೆಯ ಸಭೆ ಮತ್ತೆ ಗುರುಮಲ್ಲಪ್ಪನವರ ಜಗಲಿಯಲ್ಲಿ. ಈ ಸಲ ನಾನು ಬರಿಗೈಯಲ್ಲಿ ಹೋಗಿದ್ದೆ, ಅದನ್ನು ಇಬ್ಬರು ಮೂವರು ಖಚಿತಪಡಿಸಿಕೊಂಡರು.

'ಬೆಳೆ ಆಯ್ತು, ಸರಿ,' ಎಂದರು ಅಧ್ಯಕ್ಷರು. 'ಇನ್ನೊಂದ್ ಮಾತದೆ. ಗೂಬೆ ಹೊಸ್ತಿಲು ದಾಟ್ತಾ? ಪಾರ್ವತಮ್ನೋರು ಏಳ್ಬೇಕು.'

ದೇವೀರಮ್ಮ ನೆಲ ನೋಡುತ್ತಿದ್ದಳು. ನಾನು ಹೊಂಗೆ ಮರ ನೋಡುತ್ತಿದ್ದೆ.

'ನಮ್ ಹೊಸ್ತಿಲು ದಾಟಿದ್ದು ಗೂಡು,' ಎಂದರು ಪಾರ್ವತಮ್ಮನವರು. 'ಮೂಟೆಗಟ್ಲೆ ದಾಟ್ತು. ನೀವೂ ಬಂದು ನೋಡಿದ್ರಲ್ಲ.'

'ಅದಲ್ಲ ಅವ್ವ, ನಾನ್ ಕೇಳಿದ್ದು...'

'ನೀವ್ ಕೇಳಿದ್ದು ನಂಗ್ ಗೊತ್ತು. ದೂರ್ ಕೊಟ್ಟಿದ್ದು ನಮ್ಮನೆಯೋರು, ವಾಪಸ್ ತಕತಿರೋದೂ ನಮ್ಮನೆಯೋರು. ಉಳ ಉಂಡು ನೂಲ್ ಬುಟ್ಟ ಮನೆಗೆ ಯಾವ ದೋಸ? ಹಾಲ್ ಉಕ್ಕಿಸ್ಕಂಡ್ ಒಳಗ್ ಓಯ್ತೀವಿ. ನಿಮ್ ಷಡ್ಡಕ್ರಿಗೆ ಬೇರೆ ಕಡೆ ಮನೆ ನೋಡ್ಕಳಕ್ ಏಳಿ.'

ಜನ ನಕ್ಕರು. ಗುರುಮಲ್ಲಪ್ಪನವರೂ ಕೊನೆಗೆ ನಕ್ಕು, ದೂರೇ ಇಲ್ಲದ ಮೇಲೆ ಠರಾವಿಗೆ ಕೆಲಸವಿಲ್ಲವೆಂದು ಹೇಳಿ ಎದ್ದರು.

ನಮ್ಮ ಕೆಲಸದ ರೀತಿ ಆಮೇಲೆ ಬಹಳ ಬದಲಾಯಿತು. ಹೊಸ ವಿಷಗಳು ಬಂದವು, ಅವುಗಳನ್ನು ತಿಂದ ಇಲಿಗಳನ್ನು ತಿಂದು ಗೂಬೆಗಳು ಸತ್ತದ್ದನ್ನೂ ಬೇರೆ ಊರುಗಳಲ್ಲಿ ಕಂಡೆ. ಅದನ್ನು ವರದಿಗಳಲ್ಲಿ ಬರೆದಿದ್ದೇನೆ. ಗುಮ್ಮಣ್ಣನ ಕತೆಯನ್ನು ಯಾವ ವರದಿಯಲ್ಲೂ ಬರೆಯಲಿಲ್ಲ. ಪಾರ್ವತಮ್ಮನವರು ಬದುಕಿರುವ ತನಕ ಬರೆಯುವುದು ಸರಿಯಲ್ಲವೆನಿಸಿತ್ತು.

ನಾಗರಾಜಪ್ಪನವರು ಮನೆಗೆ ಹಿಂದಿರುಗಿದ ವಾರ ನಾನು ಉಳಿದ ಬೋನುಗಳನ್ನು ತರಲು ಹೋದೆ. ಹಿಂಬದಿಯ ಕೋಣೆಯಲ್ಲಿ ಬೆಲ್ಲದ ದಾಸ್ತಾನು ಬಂದಿತ್ತು. ಸೂರಿನ ಕೆಳಗಿನ ಗಾಳಿಕಂಡಿಗೆ ತಂತಿಯ ಜಾಲರಿ ಹೊಡೆಯಲು ಬಡಗಿಯೊಬ್ಬ ಏಣಿ ಹತ್ತಿದ್ದ. ಪಾರ್ವತಮ್ಮನವರು ಒಳಗಿನಿಂದ ಬಂದರು.

'ಅದ್ ಅಂಗೇ ಇರ್ಲಿ, ಹೊಡೀಬ್ಯಾಡ.'

'ಅದ್ಯಾಕವ್ವ?' ಎಂದರು ನಾಗರಾಜಪ್ಪ. 'ಮೊದಲೇ ಆ ಗೂಬೆ ಪಕ್ಕದಲ್ಲೇ ಅದೆ. ಮತ್ತೆ ಒಳಗ್ ಬಂದ್ರೆ?'

'ಬೆಲ್ಲದ್ ಮನೆಗೆ ಗಾಳಿ ಆಡ್ಬೇಕು,' ಎಂದರು ತಾಯಿ, ನನ್ನ ಕಡೆ ನೋಡದೆ. 'ಇಳಿಯಪ್ಪ ಕೆಳಕ್ಕೆ.'

ಬಡಗಿ ಮೊಳೆಗಳನ್ನು ಜೇಬಿಗೆ ಹಾಕಿಕೊಂಡು ಏಣಿ ಇಳಿದ.